ಬಂಡೂರು ಕುರಿಯ ಸ್ಯಾಟಲೈಟ್ ಡಿಎನ್‌ಎ ಎಣಿಸಿದ ಬಗೆ

ಕುರಿಯ ಜೀವಕೋಶದಲ್ಲಿ 54 ವರ್ಣತಂತುಗಳಿವೆ, ಮೇಕೆಯದರಲ್ಲಿ 60. ಮೇಕೆಯಲ್ಲಿ ಲಿಂಗ ನಿರ್ಧರಿಸುವ ಜೋಡಿಯನ್ನು ಬಿಟ್ಟರೆ ಉಳಿದವೆಲ್ಲ ಒಂದೇ ತೋಳಿನವು. ಕೋಶ ಒಡೆಯುವಾಗ ವರ್ಣತಂತುವನ್ನು ಹಿಡಿದು ಎಳೆಯುವ ಜಾಗಕ್ಕೆ ಸೆಂಟ್ರೊಮಿಯರ್ ಎನ್ನುತ್ತೇವೆ. ಮೇಕೆಯಲ್ಲಿ ಅದು ಒಂದು ತುದಿಯಲ್ಲೇ ಇದೆ. ಕುರಿಯಲ್ಲಿ ಮೂರು ಜೋಡಿ ದೊಡ್ಡ ವರ್ಣತಂತುಗಳಿಗೆ ಎರಡೆರಡು ತೋಳು, ನಡುವೆ ಸೆಂಟ್ರೊಮಿಯರ್. ಕುರಿಯ ಪೂರ್ವಜರಲ್ಲಿ ಯಾವಾಗಲೋ ಒಂದೇ ತೋಳಿನ ವರ್ಣತಂತುಗಳು ಎರಡೆರಡಾಗಿ ಸೆಂಟ್ರೊಮಿಯರ್ ಬಳಿ ಬೆಸೆದುಕೊಂಡವು. ಮೂರು ಬೆಸುಗೆ, ಪ್ರತಿಯೊಂದೂ ಜೋಡಿಯ ಎರಡೂ ಕಡೆ; ಹೀಗೆ ಆರು ಕಡಿಮೆಯಾಗಿ 60 ಇದ್ದದ್ದು 54 ಆಯಿತು.

ಒಂದೇ ತೋಳಿನ ವರ್ಣತಂತುವಿನ ಆ ತುದಿಯಲ್ಲಿ ಇರುವುದು ಬಹುಪಾಲು ಸ್ಯಾಟಲೈಟ್ ಡಿಎನ್‌ಎ: ಎ, ಟಿ, ಜಿ, ಸಿ ಎಂಬ ಡಿಎನ್‌ಎ ಅಕ್ಷರಗಳಲ್ಲಿ ಬರೆದ, ಕೆಲವು ನೂರು ಅಕ್ಷರಗಳ ಒಂದೇ ಪಾಠ, ಒಂದರ ಹಿಂದೊಂದು, ಸಾವಿರಾರು ಸಲ. ಎರಡು ತುದಿಗಳು ಬೆಸೆದಾಗ ಆ ಸಾವಿರಾರು ಪ್ರತಿಗಳಿಗೆ ಏನಾಯಿತು? ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಈ ಪ್ರಶ್ನೆಯನ್ನು ನಮ್ಮ ಸೀಮೆಯದೇ ಆದ ಬಂಡೂರು ಕುರಿಯಲ್ಲಿ ಹಿಡಿದು ನೋಡಿದೆ. ಬನ್ನೂರು ಕುರಿ, ಮಂಡ್ಯ ಕುರಿ ಎಂದೂ ಕರೆಯುವ ಈ ತಳಿಗೆ ಹೆಸರು ಬಂದದ್ದು ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ. ಇಂಥ ಕೆಲಸಕ್ಕೆ ಕೋಟಿ ರೂಪಾಯಿಯ ಪ್ರಯೋಗಾಲಯ ಬೇಕೆಂದು ವಿದ್ಯಾರ್ಥಿಗಳು ಹಿಂಜರಿಯುವುದನ್ನು ನೋಡಿದ್ದೇನೆ. ಬೇಡ ಎಂದು ಹೇಳುವುದಕ್ಕಾಗಿಯೇ ಮಾಡಿದ ಬಗೆಯನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಹಿನ್ನೆಲೆ. 1957ರಲ್ಲಿ ಮೆಸೆಲ್ಸನ್, ಸ್ಟಾಲ್, ವಿನೊಗ್ರಾಡ್ ಎಂಬವರು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಡಿಎನ್‌ಎಯನ್ನು ಬಹು ವೇಗದಲ್ಲಿ ತಿರುಗಿಸಿ ಸಾಂದ್ರತೆಗೆ ತಕ್ಕಂತೆ ಪದರಗಟ್ಟಿಸುವ ವಿಧಾನವನ್ನು ತಂದರು. 1961ರಲ್ಲಿ ಸಾಲ್ ಕಿಟ್ ಇಲಿಯ ಡಿಎನ್‌ಎಯನ್ನು ಹೀಗೆ ತಿರುಗಿಸಿದಾಗ ಮುಖ್ಯ ಪಟ್ಟಿಯ ಪಕ್ಕದಲ್ಲಿ ಚಿಕ್ಕದೊಂದು ಪಟ್ಟಿ ಬೇರೆಯಾಗಿ ನಿಂತಿತು. ಪಕ್ಕದ ಪಟ್ಟಿ ಎಂಬ ಅರ್ಥದಲ್ಲಿ ಸ್ಯಾಟಲೈಟ್ ಎಂಬ ಹೆಸರು ಬಂದು ನಿಂತುಬಿಟ್ಟಿತು. ಅದು ಒಂದೇ ಪಾಠದ ಅಸಂಖ್ಯ ಪ್ರತಿಗಳೆಂದು ರಾಯ್ ಬ್ರಿಟನ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು 1960ರ ದಶಕದಲ್ಲೇ ತೋರಿಸಿದರು. ಅದು ಇರುವುದು ಸೆಂಟ್ರೊಮಿಯರ್‌ಗಳ ಅಕ್ಕಪಕ್ಕ ಎಂದು ಮೇರಿ ಲೂ ಪಾರ್ಡ್ಯೂ ಮತ್ತು ಜೋಸೆಫ್ ಗಾಲ್ 1970ರಲ್ಲಿ ಸೂಕ್ಷ್ಮದರ್ಶಕದ ಕೆಳಗೇ ಗುರುತಿಸಿದರು.

ಕುರಿಯ ಸ್ಯಾಟಲೈಟ್‌ಗಳಿಗೆ ಇಂದಿಗೂ ಸಾಂದ್ರತೆಯ ಅಂಕಿಯೇ ಹೆಸರು. ಮುಖ್ಯವಾದದ್ದನ್ನು 1.714 ಸ್ಯಾಟಲೈಟ್ ಅಥವಾ ಸ್ಯಾಟಲೈಟ್ 1 ಎನ್ನುತ್ತಾರೆ. ಆ ಅಂಕಿ ಬರಿಯ ಹೆಸರಲ್ಲ, ಮಾಹಿತಿ. ಡಿಎನ್‌ಎಯಲ್ಲಿ ಜಿ ಮತ್ತು ಸಿ ಅಕ್ಷರಗಳು ಹೆಚ್ಚಿದಷ್ಟೂ ಸಾಂದ್ರತೆ ಏರುತ್ತದೆ. 1.714ರಿಂದ ಈ ಲೆಕ್ಕದ ಸ್ಥಿರಾಂಕ 1.660 ಕಳೆದು, ಇನ್ನೊಂದು ಸ್ಥಿರಾಂಕ 0.098ರಿಂದ ಭಾಗಿಸಿದರೆ ಜಿ ಮತ್ತು ಸಿ ಪಾಲು ಶೇ 55ರಷ್ಟು ಎಂದು ಸಿಗುತ್ತದೆ. ಕುರಿಯ ಜೀನೋಮಿನಲ್ಲಿ, ಎಂದರೆ ಅದರ ಒಟ್ಟು ಡಿಎನ್‌ಎಯಲ್ಲಿ, ಈ ಪಾಲು ಶೇ 42ರ ಆಸುಪಾಸು. ಐವತ್ತು ವರ್ಷ ಹಿಂದಿನ ಅಳತೆಯೊಂದು ಇಂದಿನ ಸೀಕ್ವೆನ್ಸಿಂಗ್‌ನಲ್ಲಿ, ಎಂದರೆ ಯಂತ್ರದಿಂದ ಡಿಎನ್‌ಎ ಅಕ್ಷರಗಳನ್ನು ಓದುವ ಕೆಲಸದಲ್ಲಿ, ಎಲ್ಲಿ ಎಚ್ಚರ ಬೇಕೆಂದು ನನಗೆ ಮುಂಚಿತವಾಗಿಯೇ ಹೇಳಿತು. ಅದು ಹೇಗೆಂದು ಮುಂದೆ ತಿಳಿಯುತ್ತದೆ.

ಜೀನೋಮ್ ಪೂರ್ತಿ ಓದಿಯಾಗಿದೆಯಲ್ಲ, ಹೊಸದಾಗಿ ಹುಡುಕುವುದೇನಿದೆ ಎಂದು ಕೇಳುವವರಿದ್ದಾರೆ. ಪೂರ್ತಿ ಓದಿರಲಿಲ್ಲ. ಮನುಷ್ಯನ ಜೀನೋಮಿನಲ್ಲೇ ಸುಮಾರು ಶೇ 8ರಷ್ಟು ಭಾಗ 2022ರವರೆಗೆ ಖಾಲಿ ಬಿದ್ದಿತ್ತು. ಅದರ ದೊಡ್ಡ ಪಾಲು ಸೆಂಟ್ರೊಮಿಯರ್‌ಗಳ ಸುತ್ತಲಿನ ಸ್ಯಾಟಲೈಟ್. ಮೇಕೆಯದು ತುದಿಯಿಂದ ತುದಿಗೆ ಮುಗಿದದ್ದು 2024ರಲ್ಲಿ, ಕುರಿಯದು 2025ರಲ್ಲಿ. ಎರಡೂ ಚೀನಾದ ತಂಡಗಳ ಕೆಲಸ. ಕುರಿಯ ಕೆಲಸದಲ್ಲಿ ಉಣ್ಣೆಯ ಜೊತೆಗೆ ಸೆಂಟ್ರೊಮಿಯರ್‌ಗಳ ಸ್ಯಾಟಲೈಟ್ ಬಗೆಗಳನ್ನೂ ವಿವರಿಸಿದ್ದಾರೆ, ಆದರೆ ಅದು ನಮ್ಮ ತಳಿಯದಲ್ಲ. ನಮ್ಮ ತಳಿಗಳನ್ನು ನೋಡಬೇಕಾದವರು ನಾವೇ.

ಇಷ್ಟು ವರ್ಷ ಖಾಲಿ ಉಳಿಯಲು ಕಾರಣ ಸೀಕ್ವೆನ್ಸಿಂಗ್‌ನ ರೀತಿ. ಯಂತ್ರ ಜೀನೋಮನ್ನು ಚೂರು ಮಾಡಿ 150 ಅಕ್ಷರದ ತುಣುಕುಗಳಾಗಿ ಓದುತ್ತದೆ. ತುಣುಕುಗಳ ಅಂಚು ಹೊಂದಿಸಿ ಮತ್ತೆ ಜೋಡಿಸುವುದು ಕಂಪ್ಯೂಟರ್‌ನ ಕೆಲಸ. ರಾಮಕೋಟಿ ಬರೆದ ಪುಸ್ತಕವನ್ನು ಹರಿದು ಹಾಕಿದ್ದಾರೆಂದು ಭಾವಿಸಿ. ಯಾವ ಚೂರು ಯಾವ ಪುಟದ್ದೆಂದು ಯಾರೂ ಹೇಳಲಾರರು. ಆದರೆ ಚೂರುಗಳನ್ನು ಎಣಿಸಬಹುದು, ಒಟ್ಟು ಎಷ್ಟು ಸಲ ಬರೆದಿದ್ದರು ಎಂದು ಹೇಳಬಹುದು. ಅಲ್ಲಲ್ಲಿ ಕೈ ತಪ್ಪಿ ಅಕ್ಷರ ಬದಲಾಗಿದ್ದರೆ ಅದನ್ನೂ ಹೆಕ್ಕಬಹುದು. ನಾನು ಮಾಡಿದ್ದು ಅಷ್ಟೇ. ಜೋಡಿಸುವ ಆಸೆ ಬಿಟ್ಟು ಎಣಿಸಲು ಕುಳಿತೆ. ಸ್ಯಾಟಲೈಟ್ ವಿಷಯದಲ್ಲಿ ಮೊದಲು ಎಣಿಕೆ, ಆಮೇಲೆ ಜಾಗ, ಕೊನೆಗೆ ಜೋಡಣೆ ಎಂಬ ಕ್ರಮ ಸರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ರಕ್ತದಿಂದ ಆರಂಭಿಸಬೇಕು. ಸ್ತನಿಗಳ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಡಿಎನ್‌ಎ ಬರುವುದು ಬಿಳಿ ರಕ್ತಕಣಗಳಿಂದ; ಆದ್ದರಿಂದ ಕೋಳಿಯ ರಕ್ತದಂತೆ ಹನಿಯೊಂದರಲ್ಲಿ ಕೆಲಸ ಮುಗಿಯುವುದಿಲ್ಲ. ಕುರಿಯ ಮಾಲೀಕರ ಒಪ್ಪಿಗೆ ಪಡೆದು, ಪಶುವೈದ್ಯರೇ ಕತ್ತಿನ ರಕ್ತನಾಳದಿಂದ ತೆಗೆದುಕೊಟ್ಟರು. ಒಂದೇ ಪ್ರಾಣಿಯ ರಕ್ತವನ್ನು, ಹೆಪ್ಪುಗಟ್ಟದಂತೆ ಮದ್ದು ಹಾಕಿದ ಎರಡು ಬಗೆಯ ಟ್ಯೂಬ್‌ಗಳಿಗೆ ಹಂಚಬೇಕು. ಡಿಎನ್‌ಎಗೆ ಹೋಗುವುದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ. ವರ್ಣತಂತು ನೋಡಲು ಕೋಶಗಳನ್ನು ಬದುಕಿಸಿ ಬೆಳೆಸಬೇಕಾದ್ದರಿಂದ ಅದಕ್ಕೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್. ಎರಡನ್ನೂ ಅದಲುಬದಲು ಮಾಡಬಾರದು. ಹೆಪಾರಿನ್ ಡಿಎನ್‌ಎಯೊಂದಿಗೆ ಉಳಿದು, ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಅಡ್ಡಿಯಾಗುತ್ತದೆ. ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಂಡು ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ. ನೇರಳೆ ಟ್ಯೂಬನ್ನು ಮಂಜುಗಡ್ಡೆಯ ಮೇಲೆ ತರಬಹುದು, ಹಸಿರನ್ನು ಮಂಜಿಗೆ ತಾಗಿಸಬಾರದು.

ಮಳವಳ್ಳಿ ಕಡೆ ಒಂದೇ ರೊಪ್ಪದಲ್ಲಿ ಕುರಿ ಮೇಕೆ ಎರಡನ್ನೂ ಕೂಡಿಹಾಕುವುದು ವಾಡಿಕೆ. ನನಗೆ ಅದು ಅನುಕೂಲವಾಯಿತು. ರಕ್ತ ತೆಗೆಯುತ್ತಿದ್ದಾಗ ಕುರಿಯ ಯಜಮಾನರು ಕೇಳಿದರು: “ಮೇಷ್ಟ್ರೇ, ಎರಡೂ ಒಟ್ಟಿಗೆ ಮೇಯುತ್ತವೆ, ಟಗರು ಮೇಕೆಯ ಮೇಲೆ ಹಾರುವುದನ್ನೂ ನೋಡಿದ್ದೇನೆ. ಮರಿ ಮಾತ್ರ ಆಗುವುದಿಲ್ಲ. ನಿಮ್ಮ ಈ ರಕ್ತದಲ್ಲಿ ಅದಕ್ಕೆ ಉತ್ತರ ಇದೆಯೇ?”

“ಅರ್ಧ ಉತ್ತರ ಇರಬಹುದು ಯಜಮಾನರೇ” ಎಂದೆ. ಟಗರಿನಿಂದ ಮೇಕೆಗೆ ಗರ್ಭ ಕಟ್ಟುವುದುಂಟು. ಆದರೆ ಸಾಮಾನ್ಯವಾಗಿ ಎರಡನೆಯ ತಿಂಗಳ ಆಸುಪಾಸಿನಲ್ಲಿ ಭ್ರೂಣ ಸಾಯುತ್ತದೆ, ತಾಯಿಯ ರೋಗನಿರೋಧಕ ವ್ಯವಸ್ಥೆಯೇ ಅದನ್ನು ಪರಕೀಯವೆಂದು ಕಾಣುವುದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಹುಟ್ಟಿ ಬದುಕಿದ ಬೆರಕೆ ಮರಿಗಳು ಜಗತ್ತಿನಲ್ಲೇ ಬೆರಳೆಣಿಕೆ, ಅವುಗಳಿಗೆ 57 ವರ್ಣತಂತು. ಕುರಿ-ಮೇಕೆಯ ಬೆರಕೆ ಸಾಯುವುದಕ್ಕೆ ಸ್ಯಾಟಲೈಟ್ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಹಣ್ಣಿನ ನೊಣದಲ್ಲಿ ಅಂಥ ಸಂಗತಿ ಖಚಿತವಾಗಿ ಸಿಕ್ಕಿದೆ. ಡ್ರಾಸೊಫಿಲ ಮೆಲನೊಗ್ಯಾಸ್ಟರ್ ನೊಣದ ಎಕ್ಸ್ ವರ್ಣತಂತುವಿನಲ್ಲಿ 359 ಅಕ್ಷರದ ಸ್ಯಾಟಲೈಟ್‌ನ ದೊಡ್ಡ ರಾಶಿ ಇದೆ, ಅದರ ಹತ್ತಿರದ ಬಂಧು ಸಿಮ್ಯುಲನ್ಸ್ ನೊಣದಲ್ಲಿ ಆ ರಾಶಿ ಇಲ್ಲ. ಸಿಮ್ಯುಲನ್ಸ್ ತಾಯಿಯ ಮೊಟ್ಟೆಗೆ ಮೆಲನೊಗ್ಯಾಸ್ಟರ್ ಗಂಡಿನ ಎಕ್ಸ್ ಬಂದಾಗ ಮೊದಲ ಕೆಲವು ವಿಭಜನೆಗಳಲ್ಲಿಯೇ ಆ ರಾಶಿ ಬಿಡಿಸಿಕೊಳ್ಳದೆ ಹೆಣೆದುಕೊಂಡು ನಿಲ್ಲುತ್ತದೆ, ಹೆಣ್ಣು ಭ್ರೂಣಗಳು ಸಾಯುತ್ತವೆ. ಫೆರೀ ಮತ್ತು ಬಾರ್ಬಶ್ 2009ರಲ್ಲಿ ಇದನ್ನು ತೋರಿಸಿದರು. ಪ್ರೋಟೀನ್ ತಯಾರಿಸದ ಪಾಠವೊಂದು ಎರಡು ಜೀವಜಾತಿಗಳ ನಡುವೆ ಗೋಡೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಪ್ರಯೋಗಾಲಯದ ಮಾತಿಗೆ ಬರುತ್ತೇನೆ. ಡಿಎನ್‌ಎಯನ್ನು ಹಳೆಯ ಫೀನಾಲ್-ಕ್ಲೋರೋಫಾರ್ಮ್ ಪದ್ಧತಿಯಲ್ಲಿ ಕೈಯಿಂದಲೇ ತೆಗೆದೆ. ಆಲ್ಕೊಹಾಲ್ ಸುರಿದಾಗ ಬಿಳಿ ಎಳೆಯಾಗಿ ಮೇಲೆದ್ದರೆ, ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಶೇ 0.8ರ ಅಗರೋಸ್ ಜೆಲ್‌ನಲ್ಲಿ ಮೇಲ್ಭಾಗದಲ್ಲೇ ಗಟ್ಟಿಯಾಗಿ ನಿಂತರೆ ಅದು ಒಳ್ಳೆಯ ಡಿಎನ್‌ಎ. ಸೀಕ್ವೆನ್ಸಿಂಗ್ ಮಾಡಿಸಿದ್ದು ಬೆಂಗಳೂರಿನ ಸೇವಾಸಂಸ್ಥೆಯಲ್ಲಿ. ಅಲ್ಲಿ ನಾನು ಪಟ್ಟುಹಿಡಿದು ಕೇಳಿದ್ದು ಒಂದೇ: ಲೈಬ್ರರಿ ತಯಾರಿಕೆಯಲ್ಲಿ, ಎಂದರೆ ಡಿಎನ್‌ಎ ಚೂರುಗಳನ್ನು ಯಂತ್ರ ಓದುವಂತೆ ಸಜ್ಜುಗೊಳಿಸುವಲ್ಲಿ, ಪಿಸಿಆರ್ ಹಂತ ಇರಬಾರದು. ಪಿಸಿಆರ್ ಎಲ್ಲ ಪಾಠಗಳನ್ನೂ ಸಮನಾಗಿ ಹೆಚ್ಚಿಸುವುದಿಲ್ಲ. ಜಿ ಮತ್ತು ಸಿ ಹೆಚ್ಚಿರುವ ತುಣುಕುಗಳು ಒಂದು ಬಗೆಯಲ್ಲಿ, ಕಡಿಮೆ ಇರುವವು ಇನ್ನೊಂದು ಬಗೆಯಲ್ಲಿ ಏರುಪೇರಾಗುತ್ತವೆ. ಶೇ 55ರ ಪಾಠವನ್ನು ಶೇ 42ರ ಹಿನ್ನೆಲೆಯಲ್ಲಿ ಎಣಿಸಲು ಹೊರಟವನಿಗೆ ಅದು ತಕ್ಕಡಿಯೇ ಓರೆಯಾದಂತೆ. ಮೇಲೆ ಹೇಳಿದ ಸಾಂದ್ರತೆಯ ಲೆಕ್ಕ ಉಪಯೋಗಕ್ಕೆ ಬಂದದ್ದು ಇಲ್ಲಿ. ಕುರಿಯ, ಮೇಕೆಯ ಲೈಬ್ರರಿಗಳನ್ನು ಒಂದೇ ದಿನ, ಒಂದೇ ಕಿಟ್‌ನಲ್ಲಿ ಮಾಡಿಸಿ ಒಂದೇ ಸಲ ಯಂತ್ರಕ್ಕೆ ಹಾಕಿಸಬೇಕು. ಬೇರೆ ಬೇರೆ ಪ್ರಯೋಗಾಲಯಗಳ ದತ್ತಾಂಶಗಳನ್ನು ಹೋಲಿಸಿ ಇಲ್ಲಿ ಸ್ಯಾಟಲೈಟ್ ಹೆಚ್ಚು, ಅಲ್ಲಿ ಕಡಿಮೆ ಎಂದು ಬರೆದ ಲೇಖನಗಳನ್ನು ಓದುವಾಗ ನನಗೆ ಮೊದಲು ಬರುವ ಅನುಮಾನವೇ ಇದು.

ಎಷ್ಟು ಓದಿಸಬೇಕು? ಆಶ್ಚರ್ಯವಾಗುವಷ್ಟು ಕಡಿಮೆ. ಕುರಿಯ ಜೀನೋಮ್ ಸುಮಾರು 280 ಕೋಟಿ ಅಕ್ಷರ. ಅದರ ಹತ್ತನೇ ಒಂದು ಭಾಗ, ಎಂದರೆ 28 ಕೋಟಿ ಅಕ್ಷರ ಸಾಕು. 150 ಅಕ್ಷರದ ತುಣುಕುಗಳಲ್ಲಿ ಹೇಳುವುದಾದರೆ ಸುಮಾರು 19 ಲಕ್ಷ. ಇಷ್ಟು ವಿರಳವಾಗಿ ಓದಿದಾಗ ಜೀನೋಮಿನಲ್ಲಿ ಒಂದೇ ಸಲ ಬರುವ ಪಾಠದ ಎರಡು ತುಣುಕುಗಳು ಒಂದರ ಮೇಲೊಂದು ಬೀಳುವುದು ಅಪರೂಪ. ಒಂದಕ್ಕೊಂದು ಹೊಂದುವ ತುಣುಕುಗಳ ರಾಶಿ ಕಂಡರೆ ಅದು ಪುನರಾವರ್ತನೆಯೇ. ಕಡಿಮೆ ಓದುವುದೇ ಇಲ್ಲಿ ಜರಡಿಯ ಕೆಲಸ ಮಾಡುತ್ತದೆ. ಜೀನೋಮಿನ ಶೇ 1ರಷ್ಟಿರುವ ಸ್ಯಾಟಲೈಟ್‌ಗೆ 19,000 ತುಣುಕು ಸಿಗುತ್ತದೆ, ಶೇ 0.01ರಷ್ಟಿರುವುದಕ್ಕೂ 190. ಖರ್ಚು ಉಳಿಯುವುದು ಇಲ್ಲಿಯೇ.

ತುಣುಕುಗಳನ್ನು ರಾಶಿ ಹಾಕಲು ರಿಪೀಟ್‌ಎಕ್ಸ್‌ಪ್ಲೋರರ್ ಮತ್ತು ಅದರ ಜೊತೆಗಿನ ಟೇರಿಯನ್ ಎಂಬ ತಂತ್ರಾಂಶಗಳನ್ನು ಬಳಸಿದೆ. ಜೆಕ್ ಗಣರಾಜ್ಯದ ಸಂಶೋಧಕರು ಕಟ್ಟಿದ್ದು. ಅವರದೇ ಸರ್ವರ್‌ನಲ್ಲಿ ಉಚಿತವಾಗಿ ಓಡಿಸಬಹುದು, ನಮ್ಮ ಕಡೆ ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಸಾಕು. ಪ್ರತಿ ತುಣುಕನ್ನೂ ಉಳಿದೆಲ್ಲದರ ಜೊತೆ ಹೋಲಿಸಿ, ಶೇ 90ರಷ್ಟು ಹೋಲುವವುಗಳನ್ನು ಗೆರೆ ಎಳೆದು ಸೇರಿಸಿ, ಜಾಲದ ಚಿತ್ರ ಬರೆದುಕೊಡುತ್ತದೆ. ಸ್ಯಾಟಲೈಟ್‌ನ ಜಾಲ ಉಂಗುರವಾಗಿ ಬರುತ್ತದೆ, ಏಕೆಂದರೆ ಒಂದು ಪ್ರತಿಯ ಕೊನೆಯಿಂದ ಮುಂದಿನ ಪ್ರತಿಯ ಆದಿಗೆ ಹೋದರೆ ಹೊರಟಲ್ಲಿಗೇ ಬಂದಂತೆ. ಪಾಠ 150 ಅಕ್ಷರಕ್ಕಿಂತ ಚಿಕ್ಕದಾದರೆ ಉಂಗುರದ ನಡುವೆ ಜಾಗ ಉಳಿಯದೆ ಉಂಡೆಯಾಗುತ್ತದೆ. ಜೀನೋಮಿನಲ್ಲಿ ಜಾಗ ಬದಲಿಸುತ್ತಾ ಹರಡುವ, ಜಿಗಿಯುವ ಡಿಎನ್‌ಎಗಳು ಉದ್ದನೆಯ ಎಳೆಯಾಗಿ ಬರುತ್ತವೆ. ಕೆಲವು ದಿನ ನೋಡಿದರೆ ಕಣ್ಣು ಪಳಗುತ್ತದೆ.

ಉಂಗುರ ಕಂಡ ಕೂಡಲೇ ಸ್ಯಾಟಲೈಟ್ ಎಂದು ಬರೆದುಕೊಳ್ಳಬಾರದು. ಮೈಟೊಕಾಂಡ್ರಿಯದ ಡಿಎನ್‌ಎ ನಿಜವಾಗಿಯೂ ವೃತ್ತಾಕಾರ, ಒಂದೊಂದು ಕೋಶದಲ್ಲೂ ಅದರ ಪ್ರತಿಗಳು ಹೇರಳ. ಅದೂ ಸೊಗಸಾದ ಉಂಗುರವನ್ನೇ ಕೊಡುತ್ತದೆ, 16,600 ಅಕ್ಷರಗಳ ಆಸುಪಾಸಿನ ಉದ್ದದ್ದು. ಆದ್ದರಿಂದ ಮೊದಲೇ ಕುರಿಯ ಮೈಟೊಕಾಂಡ್ರಿಯದ ಪಾಠಕ್ಕೆ ಹೊಂದುವ ತುಣುಕುಗಳನ್ನು, ಯಂತ್ರದ ಪರೀಕ್ಷೆಗೆಂದು ಬೆರೆಸುವ ಫೈಎಕ್ಸ್ ವೈರಸ್ಸಿನ ತುಣುಕುಗಳನ್ನು, ಓದಲೆಂದು ತುಣುಕುಗಳ ತುದಿಗೆ ಅಂಟಿಸುವ ಅಡಾಪ್ಟರ್ ಚೂರುಗಳನ್ನು ತೆಗೆದುಹಾಕಬೇಕು. ಯಂತ್ರ ಒಂದೇ ತುಣುಕನ್ನು ಎರಡು ಸಲ ಓದಿದ ನಕಲುಗಳನ್ನೂ ಬಿಡಬಾರದು. ಸ್ಯಾಟಲೈಟ್‌ನಲ್ಲಿ ನಿಜವಾದ ಪ್ರತಿಗಳೇ ಒಂದರಂತೆ ಒಂದಿರುವಾಗ, ಪಾಠ ನೋಡಿ ನಕಲು ತೆಗೆಯಲು ಹೋದರೆ ಅಸಲೂ ಹೋಗುತ್ತದೆ. ಯಂತ್ರದ ಫಲಕದ ಮೇಲೆ ತುಣುಕು ಕುಳಿತ ಸ್ಥಾನ ನೋಡಿ ತೆಗೆಯುವುದು ಸರಿ.

ಕುರಿಯ ತುಣುಕುಗಳಿಗೂ ಮೇಕೆಯವಕ್ಕೂ ಬೇರೆ ಬೇರೆ ಸಂಕೇತ ಅಂಟಿಸಿ, ಎರಡರಿಂದಲೂ ಜೀನೋಮಿನ ಗಾತ್ರಕ್ಕೆ ತಕ್ಕ ಪಾಲು ತೆಗೆದು, ಒಂದೇ ರಾಶಿಯಲ್ಲಿ ಓಡಿಸಿದೆ. ಮೊದಲ ದೊಡ್ಡ ಉಂಗುರದಲ್ಲಿಯೇ ಎರಡೂ ಪ್ರಾಣಿಗಳ ತುಣುಕುಗಳು ಬೆರೆತು ನಿಂತಿದ್ದವು. ಅದೇ 1.714. ಒಂದು ಪ್ರತಿಯ ಉದ್ದ 816 ಅಕ್ಷರಗಳ ಆಸುಪಾಸು, 1980ರ ದಶಕದ ಆರಂಭದಲ್ಲಿ ಪ್ರಕಟವಾದ ಅಳತೆಯೇ. ಚಿತ್ರವನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ. ಕುರಿ ಮೇಕೆ ಬೇರೆಯಾಗಿ ಲಕ್ಷಾಂತರ ವರ್ಷಗಳಾದವು. ಪ್ರೋಟೀನಿನ ಕೆಲಸ ಹೊರದ ಪಾಠವೊಂದು ಎರಡರಲ್ಲೂ ಗುರುತು ಸಿಗುವಂತೆ ಉಳಿದಿದೆ. ದನದ 1.715 ಸ್ಯಾಟಲೈಟ್ ಕೂಡ ಇದರ ಬಂಧುವೇ, ಅಲ್ಲಿ ಒಂದು ಪ್ರತಿಯ ಉದ್ದ ಸುಮಾರು 1,400 ಅಕ್ಷರ.

ಉಂಗುರದ ಒಳಗೆ ಇಣುಕಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕುರಿಯ ಪ್ರತಿಗಳು ತಮ್ಮತಮ್ಮಲ್ಲಿ ಹೋಲುವಷ್ಟು ಮೇಕೆಯ ಪ್ರತಿಗಳನ್ನು ಹೋಲುವುದಿಲ್ಲ. ಪ್ರತಿಗಳೆಲ್ಲ ತಮ್ಮ ಪಾಡಿಗೆ ತಾವು ಬದಲಾಗುತ್ತಾ ಹೋಗಿದ್ದರೆ ಹೀಗಾಗಬಾರದಿತ್ತು. ಕುರಿಯೊಳಗಿನ ಎರಡು ಪ್ರತಿಗಳ ನಡುವಿನ ಅಂತರವೂ ಕುರಿ-ಮೇಕೆಯ ನಡುವಿನಷ್ಟೇ ಇರಬೇಕಿತ್ತು. ಒಂದು ಜಾತಿಯೊಳಗಿನ ಪ್ರತಿಗಳು ಒಟ್ಟಾಗಿ, ಒಂದೇ ದಿಕ್ಕಿಗೆ ಬದಲಾಗುತ್ತವೆ. ಇದು ನಡೆಯುವ ಬಗೆಯನ್ನು ಜಾರ್ಜ್ ಪಿ. ಸ್ಮಿತ್ 1976ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಮುಂದೆ 2018ರಲ್ಲಿ ಬೇರೆ ಕೆಲಸಕ್ಕಾಗಿ ನೊಬೆಲ್ ಪಡೆದ ಸ್ಮಿತ್ ಇವರೇ. ಒಂದೇ ಪಾಠ ಸಾಲಾಗಿ ಇರುವ ಎರಡು ಎಳೆಗಳು ಜೋಡಿಯಾಗುವಾಗ ಸ್ವಲ್ಪ ಜಾರಿ ಹೊಂದಿಕೊಳ್ಳಬಹುದು, ಏಕೆಂದರೆ ಎಲ್ಲಿ ಇಟ್ಟರೂ ಹೊಂದುತ್ತದೆ. ಅಲ್ಲಿ ಎಳೆಗಳು ತುಂಡಾಗಿ ಅದಲುಬದಲಾದರೆ ಒಂದಕ್ಕೆ ಕೆಲವು ಪ್ರತಿಗಳು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಇದು ತಲೆಮಾರುಗಳ ಕಾಲ ನಡೆದರೆ ಯಾವುದೋ ಒಂದು ರೂಪ ಹರಡಿ ಉಳಿದವು ಅಳಿಯುತ್ತವೆ. ಯಾವ ನೈಸರ್ಗಿಕ ಆಯ್ಕೆಯ ಒತ್ತಡವೂ ಬೇಕಾಗಿಲ್ಲ. ಗೇಬ್ರಿಯಲ್ ಡೋವರ್ 1982ರಲ್ಲಿ ಇಂಥ ಹರಡುವಿಕೆಯನ್ನು ಇನ್ನೂ ವಿಸ್ತಾರವಾಗಿ ಚರ್ಚಿಸಿದರು.

ಹಾಗಾದರೆ ಹೊಸ ಜಾತಿಯಲ್ಲಿ ಹೊಸ ಸ್ಯಾಟಲೈಟ್ ಎಲ್ಲಿಂದ ಬರುತ್ತದೆ? ಫ್ರೈ ಮತ್ತು ಸಾಲ್ಸರ್ 1977ರಲ್ಲಿ ಮಂಡಿಸಿದ ಊಹೆ ನನಗೆ ಬಹಳ ಒಪ್ಪಿಗೆ: ಬಂಧು ಜಾತಿಗಳೆಲ್ಲ ಪೂರ್ವಜರಿಂದ ಬಂದ ಒಂದೇ ಸ್ಯಾಟಲೈಟ್ ಭಂಡಾರವನ್ನು ಇಟ್ಟುಕೊಂಡಿರುತ್ತವೆ, ಒಂದರಲ್ಲಿ ಒಂದು ಪಾಠ ಉಬ್ಬುತ್ತದೆ, ಇನ್ನೊಂದರಲ್ಲಿ ಬೇರೊಂದು. ನಮ್ಮ ಜೋಡಿ ರಾಶಿಯಲ್ಲಿ ಸಣ್ಣ ಉಂಗುರಗಳ ಕಡೆ ಹೋದಂತೆ ಇದು ಕಣ್ಣಿಗೆ ಕಟ್ಟುತ್ತದೆ. ಒಂದೇ ಉಂಗುರ, ಎರಡು ಪ್ರಾಣಿಗಳ ಪಾಲು ಮಾತ್ರ ತೀರ ಬೇರೆ. ಇಂಥ ಕಡೆ ಪೂರಾ ಇಲ್ಲ ಎಂದು ಬರೆಯುವ ಮುನ್ನ ಎಲ್ಲ ತುಣುಕುಗಳನ್ನೂ ಆ ಪಾಠಕ್ಕೆ ಮತ್ತೊಮ್ಮೆ ಹೊಂದಿಸಿ ನೋಡಬೇಕು. ಬಹಳ ಸಲ ಕೆಲವಾದರೂ ಪ್ರತಿ ಸಿಕ್ಕೇ ಸಿಗುತ್ತದೆ.

ಕಂಪ್ಯೂಟರಿನ ಉಂಗುರ ಸಾಕ್ಷಿಯಲ್ಲ, ಸುಳಿವು. ಪ್ರತಿಗಳು ನಿಜವಾಗಿ ಸಾಲಾಗಿಯೇ ಇವೆಯೇ ಎಂದು ಬೆಂಚಿನ ಮೇಲೆ ನೋಡಲು ಅಗ್ಗದ ದಾರಿ ಇದೆ. ಪಿಸಿಆರ್‌ನಲ್ಲಿ ನಕಲು ಆರಂಭವಾಗುವ ಜಾಗಕ್ಕೆ ಅಂಟುವ ಎರಡು ಪುಟ್ಟ ತುಣುಕುಗಳನ್ನು, ಎಂದರೆ ಪ್ರೈಮರ್‌ಗಳನ್ನು, ಸಾಮಾನ್ಯವಾಗಿ ಎದುರುಬದುರಾಗಿ ಇಡುತ್ತೇವೆ. ಇಲ್ಲಿ ಬೆನ್ನಿಗೆ ಬೆನ್ನು ತಿರುಗಿಸಿ ಇಡಬೇಕು. ಪಾಠದ ಪ್ರತಿ ಒಂಟಿಯಾಗಿದ್ದರೆ ಏನೂ ಬರುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಪ್ರತಿ ಇದ್ದರೆ ಮಾತ್ರ ಬರುತ್ತದೆ. ಹಲವು ಇದ್ದರೆ ಜೆಲ್‌ನಲ್ಲಿ ಒಂದು ಪ್ರತಿಯ ಉದ್ದಕ್ಕೊಂದು, ಎರಡರ ಉದ್ದಕ್ಕೊಂದು, ಮೂರರ ಉದ್ದಕ್ಕೊಂದು ಎಂದು ಮೆಟ್ಟಿಲುಮೆಟ್ಟಿಲಾಗಿ ಪಟ್ಟಿ ಕಾಣುತ್ತದೆ. ವಿದ್ಯಾರ್ಥಿಗಳಿಗೆ ಸ್ಯಾಟಲೈಟ್ ಎಂದರೇನೆಂದು ತೋರಿಸಲು ಈ ಜೆಲ್‌ಗಿಂತ ಒಳ್ಳೆಯದಿಲ್ಲ. ಪಿಸಿಆರ್ ಆವರ್ತಗಳನ್ನು ಮಾತ್ರ ಕಡಿಮೆ ಇಡಬೇಕು, ಹೆಚ್ಚಾದರೆ ತುಣುಕುಗಳು ತಮ್ಮಲ್ಲೇ ಅಂಟಿಕೊಂಡು ಮೆಟ್ಟಿಲುಗಳೆಲ್ಲ ಕಲಸಿಹೋಗುತ್ತವೆ.

ಇನ್ನು ಜಾಗ. ನನ್ನ ಮೂಲ ಪ್ರಶ್ನೆ ಇದ್ದದ್ದು ಇಲ್ಲಿ, ಹೆಚ್ಚು ಹೊತ್ತು ಹಿಡಿದದ್ದೂ ಇದೇ. ಹೆಪಾರಿನ್ ರಕ್ತವನ್ನು ಆರ್‌ಪಿಎಂಐ ಮಾಧ್ಯಮದಲ್ಲಿ, ಬಿಳಿ ರಕ್ತಕಣಗಳನ್ನು ವಿಭಜನೆಗೆ ಎಬ್ಬಿಸುವ ಪೋಕ್‌ವೀಡ್ ಸತ್ವ ಹಾಕಿ, 37 ಡಿಗ್ರಿಯಲ್ಲಿ 72 ಗಂಟೆ ಬೆಳೆಸಬೇಕು. ಕೊನೆಯ ಗಂಟೆಯಲ್ಲಿ ಕಾಲ್ಸಿಮಿಡ್ ಹಾಕಿ ವಿಭಜನೆಯನ್ನು ನಡುವೆಯೇ ನಿಲ್ಲಿಸಿ, ತೆಳುವಾದ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಕೋಶಗಳನ್ನು ಉಬ್ಬಿಸಿ, ಮೂರು ಪಾಲು ಮೆಥನಾಲ್‌ಗೆ ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಹಿಡಿದಿಟ್ಟು, ಸ್ಲೈಡಿನ ಮೇಲೆ ಹನಿ ಹಾಕುವುದು. ಮೈಸೂರಿನ ಮಳೆಗಾಲದ ತೇವದ ಗಾಳಿಯಲ್ಲಿ ಹನಿ ನಿಧಾನವಾಗಿ ಒಣಗಿ ವರ್ಣತಂತುಗಳು ಚೆನ್ನಾಗಿ ಹರಡುತ್ತವೆ. ಏಪ್ರಿಲ್‌ನ ಒಣ ಗಾಳಿಯಲ್ಲಿ ಸ್ಲೈಡಿಗೆ ಬಿಸಿನೀರಿನ ಆವಿ ತೋರಿಸಬೇಕಾಗುತ್ತದೆ.

ಬಣ್ಣ ಹಾಕುವುದಕ್ಕೆ ಸಿ-ಬ್ಯಾಂಡಿಂಗ್. ಸಮ್ನರ್ 1972ರಲ್ಲಿ ಪ್ರಕಟಿಸಿದ ಈ ಪದ್ಧತಿಗೆ ಬೇಕಾದ್ದು ತೆಳು ಹೈಡ್ರೋಕ್ಲೋರಿಕ್ ಆಮ್ಲ, 50 ಡಿಗ್ರಿಯ ಬೇರಿಯಂ ಹೈಡ್ರಾಕ್ಸೈಡ್, 60 ಡಿಗ್ರಿಯ ಲವಣ ದ್ರಾವಣ, ಗೀಮ್ಸಾ ಬಣ್ಣ. ಯಾವ ಕಾಲೇಜಿನಲ್ಲೂ ಸಿಗುವ ವಸ್ತುಗಳು. ಬೇರಿಯಂ ದ್ರಾವಣ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬಿಳಿ ಕೆನೆಗಟ್ಟಿ ಸ್ಲೈಡಿಗೆ ಅಂಟುತ್ತದೆ, ಆದ್ದರಿಂದ ಆಯಾ ಹೊತ್ತಿಗೆ ತಯಾರಿಸಿ, ಸೋಸಿ, ಕೂಡಲೇ ಬಳಸಬೇಕು. ಎಲ್ಲ ಸರಿಯಾದರೆ ವರ್ಣತಂತುವಿನ ತೋಳುಗಳು ಮಾಸಲಾಗಿ, ಸ್ಯಾಟಲೈಟ್ ದಟ್ಟವಾಗಿರುವ ಜಾಗ ಕಡುನೇರಳೆಯಾಗಿ ನಿಲ್ಲುತ್ತದೆ.

ಬಂಡೂರು ಕುರಿಯ ಸ್ಲೈಡಿನಲ್ಲಿ ಒಂದೇ ತೋಳಿನ ವರ್ಣತಂತುಗಳ ತುದಿಗಳೆಲ್ಲ ಕಡು ಬಣ್ಣದ ಚುಕ್ಕೆಗಳಾಗಿ ಎದ್ದು ಕಂಡವು. ಎರಡು ತೋಳಿನ ಆ ಆರು ದೊಡ್ಡ ವರ್ಣತಂತುಗಳ ನಡುವೆ ಇದ್ದ ಬಣ್ಣ ತೆಳು, ಜಾಗ ಕಿರಿದು. ಎರಡು ತುದಿ ಸೇರಿದ ಮೇಲೆ ಎರಡು ಪಾಲು ಇರಬೇಕಾದಲ್ಲಿ ಒಂದು ಪಾಲೂ ಇಲ್ಲ. ಇವಾನ್ಸ್, ಬಕ್‌ಲ್ಯಾಂಡ್, ಸಮ್ನರ್ 1973ರಲ್ಲಿಯೇ ಕುರಿ, ಮೇಕೆ, ದನಗಳನ್ನು ಹೋಲಿಸಿ ಇದನ್ನು ವರದಿ ಮಾಡಿದ್ದರು. ಪುಸ್ತಕದಲ್ಲಿ ಓದಿದ್ದನ್ನು ಮಳವಳ್ಳಿಯ ಕುರಿಯಲ್ಲಿ ನನ್ನದೇ ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ಆದ ಸಂತೋಷ ದೊಡ್ಡದು. ಆಮೇಲೆ ಸ್ಯಾಟಲೈಟ್ 1ರ ಪಿಸಿಆರ್ ತುಣುಕಿಗೆ ಹೊಳೆಯುವ ಗುರುತು ಹಚ್ಚಿ ವರ್ಣತಂತುಗಳಿಗೆ ಅಂಟಿಸಿ ನೋಡಿದೆವು. ಫ್ಲೂರೊಸೆನ್ಸ್ ಸೂಕ್ಷ್ಮದರ್ಶಕವನ್ನು ಬೇರೆಡೆ ಬೇಡಿ ಬಳಸಿದ್ದು. ಅಲ್ಲಿಯೂ ಒಂದೇ ತೋಳಿನವು ಝಗ್ಗನೆ ಹೊಳೆದವು, ಎರಡು ತೋಳಿನವು ಮಂಕು.

ಕಳೆದುಹೋದದ್ದು ಎಲ್ಲಿಗೆ? ಎರಡು ಬಗೆಯಲ್ಲಿ ಯೋಚಿಸಬಹುದು. ಬೆಸುಗೆಯಾದ ಗಳಿಗೆಯಲ್ಲೇ ಎಳೆಗಳು ಸ್ಯಾಟಲೈಟ್ ರಾಶಿಯ ಒಳಗೆ ತುಂಡಾಗಿ, ತುದಿಯ ಚೂರು ಉದುರಿಹೋಗಿರಬಹುದು. ದನಗಳಲ್ಲಿ ಇಂಥ ಬೆಸುಗೆ ಈಗಲೂ ಸಿಗುತ್ತದೆ: 1 ಮತ್ತು 29ನೇ ವರ್ಣತಂತುಗಳು ಕೂಡಿದ ಹಸುಗಳನ್ನು ಗುಸ್ತಾವ್‌ಸನ್ 1964ರಲ್ಲಿ ಸ್ವೀಡನ್‌ನಲ್ಲಿ ಗುರುತಿಸಿದರು, ಅವುಗಳ ಫಲವತ್ತತೆ ಸ್ವಲ್ಪ ಕಡಿಮೆ. ಆ ಬೆಸುಗೆಯಲ್ಲೂ ಸ್ಯಾಟಲೈಟ್‌ಗಳು ಸ್ಥಳಪಲ್ಲಟವಾಗಿರುವುದು ದಾಖಲಾಗಿದೆ. ಎರಡನೆಯದು, ನಿಧಾನದ ಸವೆತ. ಒಂದೇ ತೋಳಿನ ವರ್ಣತಂತುಗಳು ತುದಿಗಳನ್ನು ಒಟ್ಟುಗೂಡಿಸಿಕೊಂಡು ನಿಲ್ಲುತ್ತವೆ, ಬೇರೆ ಬೇರೆ ವರ್ಣತಂತುಗಳ ನಡುವೆಯೂ ಅಲ್ಲಿ ಪಾಠ ಹಂಚಿಕೆಯಾಗುತ್ತದೆ. ನಡುವೆ ಸೆಂಟ್ರೊಮಿಯರ್ ಇರುವ ವರ್ಣತಂತು ಆ ಕೂಟದಿಂದ ಹೊರಬಿದ್ದಂತೆ. ಸವೆದದ್ದನ್ನು ತುಂಬಿಕೊಳ್ಳಲು ಅದಕ್ಕೆ ನೆರೆಹೊರೆ ಇಲ್ಲ. ಎರಡೂ ನಡೆದಿವೆ, ದೊಡ್ಡ ನಷ್ಟ ಮೊದಲನೆಯದರಿಂದ ಎಂದು ನನ್ನ ಅಂದಾಜು.

ಬೆಸುಗೆಯ ಕಥೆ ಇನ್ನೂ ವಿಪರೀತಕ್ಕೆ ಹೋದ ಪ್ರಾಣಿ ನಮ್ಮ ನಾಗರಹೊಳೆ, ಬಂಡೀಪುರದ ಕಾಡುಗಳಲ್ಲೇ ಇದೆ. ಕಾಡುಕುರಿ ಎಂದು ಕರೆಯುವ ಆ ಪುಟ್ಟ ಜಿಂಕೆಯಲ್ಲಿ ಹೆಣ್ಣಿಗೆ 6, ಗಂಡಿಗೆ 7 ವರ್ಣತಂತು. ಸ್ತನಿಗಳಲ್ಲೇ ಅತಿ ಕಡಿಮೆ. ಅದರ ಬಂಧು ಚೀನಾದ ಮುಂಟ್‌ಜಾಕ್‌ಗೆ 46. ಕಾಡುಕುರಿಯ ಉದ್ದನೆಯ ವರ್ಣತಂತುಗಳ ತೋಳಿನ ನಡುನಡುವೆ ಹಳೆಯ ಸೆಂಟ್ರೊಮಿಯರ್ ಸ್ಯಾಟಲೈಟ್‌ನ ಅವಶೇಷಗಳು ಇನ್ನೂ ಹೊಳೆಯುತ್ತವೆ, ಎಲ್ಲೆಲ್ಲಿ ಬೆಸೆಯಿತೆಂದು ಎಣಿಸಬಹುದಾದಷ್ಟು ಸ್ಪಷ್ಟವಾಗಿ.

ಇದೆಲ್ಲ ಕೆಲಸಕ್ಕೆ ಬಾರದ ಡಿಎನ್‌ಎ ಅಲ್ಲವೇ ಎಂಬ ಮಾತು ಪಾಠ ಮಾಡುವಾಗ ಪ್ರತಿ ವರ್ಷ ಬರುತ್ತದೆ. ಕಸದ ಡಿಎನ್‌ಎ ಎಂಬ ಮಾತನ್ನು ಸುಸುಮು ಓನೊ 1972ರಲ್ಲಿ ಪ್ರಚಾರಕ್ಕೆ ತಂದರು; ತನ್ನನ್ನು ತಾನು ಹೆಚ್ಚಿಸಿಕೊಳ್ಳುವುದಷ್ಟೇ ಅದರ ಗುರಿ ಎಂಬ ವಾದವನ್ನು 1980ರಲ್ಲಿ ಆರ್ಗೆಲ್, ಕ್ರಿಕ್ ಮತ್ತು ಡೂಲಿಟಲ್, ಸಪಿಯೆಂಜ ಮುಂದಿಟ್ಟರು. ನಾನು ಆ ವಾದವನ್ನು ತಳ್ಳಿಹಾಕುವುದಿಲ್ಲ, ಸ್ಯಾಟಲೈಟ್‌ನ ಏರಿಳಿತಕ್ಕೆ ಅದು ಬೇಕು. ಆದರೆ ಅಷ್ಟೇ ಎನ್ನುವುದು ತಪ್ಪು. ಜಗನ್ನಾಥನ್, ಯಮಶಿತ ಮತ್ತು ಸಂಗಡಿಗರು 2018ರಲ್ಲಿ ನೊಣ, ಇಲಿ ಎರಡರಲ್ಲೂ ಸ್ಯಾಟಲೈಟ್‌ಗೆ ಅಂಟುವ ಪ್ರೋಟೀನುಗಳು ವರ್ಣತಂತುಗಳನ್ನೆಲ್ಲ ಒಂದೇ ನ್ಯೂಕ್ಲಿಯಸ್ಸಿನೊಳಗೆ ಹಿಡಿದಿಡುತ್ತವೆ ಎಂದು ತೋರಿಸಿದರು. ಆ ಪ್ರೋಟೀನ್ ತೆಗೆದರೆ ಪುಟ್ಟ ಪುಟ್ಟ ನ್ಯೂಕ್ಲಿಯಸ್‌ಗಳು ಸಿಡಿದು ಹೊರಬೀಳುತ್ತವೆ. ಪಾಠ ಜಾತಿಯಿಂದ ಜಾತಿಗೆ ಬದಲಾದರೂ ಕೆಲಸ ಅದೇ ಉಳಿಯುತ್ತದೆ. ಈ ವಿರೋಧವನ್ನು ಹೆನಿಕಾಫ್, ಅಹ್ಮದ್, ಮಲಿಕ್ 2001ರಲ್ಲಿ ಸೆಂಟ್ರೊಮಿಯರ್‌ನ ಒಗಟು ಎಂದು ಹೆಸರಿಟ್ಟು ಚರ್ಚಿಸಿದ್ದರು. ಮೊಟ್ಟೆಯಾಗುವಾಗ ನಾಲ್ಕರಲ್ಲಿ ಒಂದು ಪಾಲು ಮಾತ್ರ ಮುಂದಿನ ತಲೆಮಾರಿಗೆ ಹೋಗುತ್ತದೆ. ಬಲವಾದ ಸೆಂಟ್ರೊಮಿಯರ್ ಇರುವ ವರ್ಣತಂತು ಆ ಜಾಗಕ್ಕೆ ನುಗ್ಗುತ್ತದೆ, ಪ್ರೋಟೀನುಗಳು ಅದನ್ನು ಹದ್ದುಬಸ್ತಿನಲ್ಲಿಡಲು ಬದಲಾಗುತ್ತಾ ಹೋಗುತ್ತವೆ ಎಂಬುದು ಅವರ ವಿವರಣೆ.

ಈ ವಿಷಯದಲ್ಲಿ ನಮ್ಮ ದೇಶದ ಕೆಲಸ ಚಿಕ್ಕದಲ್ಲ. ಪಟ್ಟೆ ಕಟ್ಟುಹಾವಿನ ಹೆಣ್ಣು ಲಿಂಗ ವರ್ಣತಂತುವಿನಲ್ಲಿ ಬಿಕೆಎಂ ಎಂಬ ಸ್ಯಾಟಲೈಟ್ ಗುರುತಿಸಿದವರು ಲಾಲ್‌ಜಿ ಸಿಂಗ್. ಅದರ ಗಾಟಾ ಎಂಬ ನಾಲ್ಕಕ್ಷರದ ಪುನರಾವರ್ತನೆಯಿಂದಲೇ ಮುಂದೆ ಹೈದರಾಬಾದಿನಲ್ಲಿ ಡಿಎನ್‌ಎ ಬೆರಳಚ್ಚಿನ ಭಾರತೀಯ ವಿಧಾನ ಬೆಳೆಯಿತು, ನ್ಯಾಯಾಲಯಗಳಿಗೂ ಹೋಯಿತು. ಮೈಸೂರಿನವರಿಗೆ ಇನ್ನೂ ಹತ್ತಿರದ್ದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ನೊಣಗಳು. ಡ್ರಾಸೊಫಿಲ ನಸುಟ ಗುಂಪಿನಲ್ಲಿ ನಸುಟಕ್ಕೆ 8, ಅಲ್ಬೊಮಿಕನ್ಸ್‌ಗೆ 6 ವರ್ಣತಂತು, ಅಲ್ಲಿಯೂ ನಡೆದಿರುವುದು ಬೆಸುಗೆಯೇ. ರಂಗನಾಥ್ ಮತ್ತು ಜರ್ಮನಿಯ ಸಂಗಡಿಗರು 1982ರಲ್ಲಿಯೇ ಆ ಎರಡರ ಸ್ಯಾಟಲೈಟ್‌ಗಳನ್ನು ವರ್ಣತಂತುಗಳ ಮೇಲೆ ಗುರುತಿಸಿ ಪ್ರಕಟಿಸಿದ್ದಾರೆ. ಕುರಿ-ಮೇಕೆಯಂತಲ್ಲದೆ ಆ ನೊಣಗಳ ಬೆರಕೆ ಸಂತಾನ ಬದುಕಿ ವಂಶ ಬೆಳೆಸುತ್ತದೆ. ಬೆರಕೆಯಿಂದ ಹೊಸ ವರ್ಣತಂತು ವಿನ್ಯಾಸದ ತಳಿಗಳೇ ಇಲ್ಲಿಯ ಪ್ರಯೋಗಾಲಯದಲ್ಲಿ ಮೂಡಿವೆ. ಬೆಸುಗೆಯಾದ ಮೇಲೆ ಸ್ಯಾಟಲೈಟ್ ಸವೆಯುತ್ತದೆಯೇ ಎಂಬ ಪ್ರಶ್ನೆಯನ್ನು ತಲೆಮಾರುಗಳ ಉದ್ದಕ್ಕೂ ಕೇಳಲು ಇದಕ್ಕಿಂತ ಒಳ್ಳೆಯ ಪ್ರಾಣಿ ಇಲ್ಲ. ಕೈಗೆತ್ತಿಕೊಳ್ಳುವ ಯುವಕರಿದ್ದರೆ ಸೀಕ್ವೆನ್ಸಿಂಗ್‌ನ ಖರ್ಚು ಕುರಿಗಿಂತ ಬಹಳ ಕಡಿಮೆ, ನೊಣದ ಜೀನೋಮ್ ಅಷ್ಟು ಚಿಕ್ಕದು.

ನಮ್ಮಲ್ಲಿ ಈಗ ನಡೆಯುತ್ತಿರುವುದು ಜೋಡಣೆಯ ಹಂತ. ಸಾವಿರಾರು ಅಕ್ಷರಗಳನ್ನು ಒಂದೇ ಉಸಿರಿಗೆ ಓದುವ ಉದ್ದ ತುಣುಕಿನ ಸೀಕ್ವೆನ್ಸಿಂಗ್‌ಗೆ ಅದೇ ಕುರಿಯ ಡಿಎನ್‌ಎ ಕೊಟ್ಟಿದ್ದೇವೆ. 816 ಅಕ್ಷರದ ಹತ್ತಾರು ಪ್ರತಿಗಳು ಒಂದೇ ತುಣುಕಿನಲ್ಲಿ ಬರುವುದರಿಂದ, ಪ್ರತಿಗಳ ನಡುವಿನ ಒಂದೊಂದು ಅಕ್ಷರದ ವ್ಯತ್ಯಾಸವನ್ನೇ ಹಿಡಿದು ಸಾಲನ್ನು ಬಿಡಿಸಬಹುದು. ಹುಡುಕುತ್ತಿರುವುದು ಎರಡು ತೋಳಿನ ವರ್ಣತಂತುಗಳ ನಡುವೆ ಉಳಿದಿರುವ ಸ್ವಲ್ಪ ಪ್ರತಿಗಳನ್ನು. ಅವು ಒಂದೇ ಕಡೆಯ ಮೂಲ ವರ್ಣತಂತುವಿನವೇ, ಎರಡೂ ಕಡೆಯವು ಬೆರೆತಿವೆಯೇ ಎಂದು ತಿಳಿದರೆ, ಮೊದಲ ನಷ್ಟ ಎಷ್ಟು, ಆಮೇಲಿನ ಸವೆತ ಎಷ್ಟು ಎಂದು ಬೇರ್ಪಡಿಸಬಹುದು.